ಮೂರು ಕಳೆದು ಬರೆದ ರಕ್ತ

ನಾವು ಬಾಯಿಯಿಂದ ರಕ್ತ ಹೀರುತ್ತಿದ್ದೆವು ಎಂದು ಹೇಳಿದರೆ ಈಗ ಲ್ಯಾಬ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಗಾಜಿನ ಸಣ್ಣ ಕೊಳವೆಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಹಲ್ಲಿನ ನಡುವೆ ಹಿಡಿದು, ರೋಗಿಯ ಬೆರಳಿನ ಮೇಲೆ ನಿಂತ ಹನಿಯನ್ನು ಗುರುತಿನ ತನಕ ಎಳೆಯಬೇಕಿತ್ತು. ಕೂದಲೆಳೆಯಷ್ಟು ಹೆಚ್ಚು ಎಳೆದರೆ ಲೆಕ್ಕ ತಪ್ಪುತ್ತಿತ್ತು, ಇನ್ನೊಂಚೂರು ಎಳೆದರೆ ಬಾಯಿಗೇ ಬರುತ್ತಿತ್ತು. ಈ ಕೆಲಸದಲ್ಲಿ ಮೂವತ್ತೆರಡು ವರ್ಷ ಕಳೆದ ನನಗೆ ಎಷ್ಟೋ ಜನರ ರಕ್ತದ ರುಚಿ ಗೊತ್ತು. ಎಲ್ಲರದೂ ಒಂದೇ, ಉಪ್ಪುಪ್ಪು.

ನನ್ನ ಹೆಸರು ನೀಲಮ್ಮ, ತವರು ಮುದಗಲ್. ಸಿಂಧನೂರಿನಲ್ಲಿ ಕೆಲಸ ಕಲಿತೆ. ಉಳಿದ ವರ್ಷಗಳೆಲ್ಲ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಳೆದವು. ಅದರ ಹೆಸರು ಬರೆಯುವುದಿಲ್ಲ, ಅಲ್ಲಿ ಈಗ ಇರುವವರು ಯಾವ ತಪ್ಪೂ ಮಾಡಿದವರಲ್ಲ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದನ್ನೂ ಬರೆಯುವುದಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಷರ ಬಹಳ ಚೆನ್ನಾಗಿತ್ತು. ತಪಾಸಣೆಗೆ ಬಂದ ಮೇಲಿನವರೆಲ್ಲ ನನ್ನ ರಿಜಿಸ್ಟರನ್ನು ಎತ್ತಿ ಹಿಡಿದು ಬೇರೆಯವರಿಗೆ ತೋರಿಸುತ್ತಿದ್ದರು. ಆ ಚೆಂದದ ಅಕ್ಷರದಲ್ಲಿ ನಾನು ಹನ್ನೊಂದು ವರ್ಷ ಸುಳ್ಳು ಬರೆದೆ. ಅದನ್ನು ಹೇಳುವುದಕ್ಕೇ ಕುಳಿತಿದ್ದೇನೆ.

ಕೆಲಸ ಕಲಿಸಿದವರು ಸಿಂಧನೂರಿನ ಹನುಮಂತರಾಯ ಸರ್. ಕಾಲುವೆ ನೀರು ಬಂದು ಭತ್ತದ ಗದ್ದೆ ಹಬ್ಬಿದ ಹಾಗೆ ಅಲ್ಲಿ ಸೊಳ್ಳೆಯೂ ಹಬ್ಬಿತ್ತು. ಮಲೇರಿಯಾ ನೋಡಲು ದಿನಾ ಡಬ್ಬಿಗಟ್ಟಲೆ ಗಾಜಿನ ಪಟ್ಟಿಗಳು ಬರುತ್ತಿದ್ದವು. ಪಟ್ಟಿಯ ಮೇಲೆ ಸವರಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗಾಣು ಇದೆಯೋ ಇಲ್ಲವೋ ಬರೆಯಬೇಕು. ಒಂದು ಸಂಜೆ ಮುದಗಲ್ ಬಸ್ಸು ತಪ್ಪುತ್ತದೆಂದು ಕೊನೆಯ ಏಳು ಪಟ್ಟಿಗಳನ್ನು ನೋಡದೆಯೇ ಇಲ್ಲ, ಇಲ್ಲ ಎಂದು ಬರೆದು ಎದ್ದುಬಿಟ್ಟೆ. ಆ ಏಳರಲ್ಲಿ ಒಂದು, ಸರ್ ಬೇಕೆಂದೇ ಹೊಸ ಚೀಟಿ ಅಂಟಿಸಿ ಇಟ್ಟ ಹಳೆಯ ಪಟ್ಟಿ, ರೋಗಾಣು ತುಂಬಿ ತುಳುಕುತ್ತಿದ್ದದ್ದು. ಮರುದಿನ ಎಲ್ಲರೆದುರು ನನ್ನನ್ನು ಕೂರಿಸಿ ಅದನ್ನು ನೋಡಿಸಿದರು. ಬೈಯಲಿಲ್ಲ. "ಕಣ್ಣಿಗೆ ಕಂಡದ್ದ ಬರಿ ನೀಲವ್ವ, ಮನಸ್ಸಿಗೆ ಕಂಡದ್ದ ಬರೀಬ್ಯಾಡ" ಎಂದರು ಅಷ್ಟೇ. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ.

ರಸ್ತೆ ಬದಿಯ ಆಸ್ಪತ್ರೆಗೆ ಬಂದ ಮೇಲೂ ತಪ್ಪುಗಳು ಆಗದೆ ಇರಲಿಲ್ಲ. ಒಮ್ಮೆ ಇಬ್ಬರು ಬಸಮ್ಮಂದಿರು ಒಂದೇ ಹೊತ್ತಿಗೆ ಬಂದರು. ಒಬ್ಬಳ ಜ್ವರದ ಚೀಟಿ ಇನ್ನೊಬ್ಬಳ ಕೈ ಸೇರಿ, ಗಟ್ಟಿಮುಟ್ಟಾಗಿದ್ದವಳು ಹತ್ತು ದಿನ ಟೈಫಾಯ್ಡ್ ಮಾತ್ರೆ ನುಂಗಿದಳು. ಅಂದಿನಿಂದ ಹೆಸರಿನ ಮುಂದೆ ಗಂಡನ ಹೆಸರು, ಓಣಿಯ ಹೆಸರು ಎರಡೂ ಬರೆಯುವ ಅಭ್ಯಾಸ ಮಾಡಿಕೊಂಡೆ. ಇಂಥ ತಪ್ಪಿಗೆ ಮದ್ದಿದೆ. ನಾನು ಹೇಳಹೊರಟಿರುವುದು ಇಂಥದ್ದಲ್ಲ.

ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷವಾದ ಮೇಲೆ ಆಸ್ಪತ್ರೆಯ ಎದುರಿನ ಮಡ್ಡಿಯಲ್ಲಿ, ಬರಡು ದಿಬ್ಬದ ಮೇಲೆ, ಕಲ್ಲಿದ್ದಲಿನ ಯಾರ್ಡ್ ಬಂತು. ಜನ ಅದನ್ನು ಇದ್ದಲಿ ಅಡ್ಡಾ ಎಂದರು. ಲಾರಿಗಳು ಬಂದು ಕಲ್ಲಿದ್ದಲನ್ನು ಗುಡ್ಡೆಯಾಗಿ ಸುರುವುತ್ತಿದ್ದವು. ಅದನ್ನು ಯಂತ್ರದಲ್ಲಿ ಒಡೆದು, ಜರಡಿ ಹಿಡಿದು, ಗಾತ್ರ ನೋಡಿ ಇಟ್ಟಂಗಿ ಭಟ್ಟಿಗಳಿಗೆ, ಸುಣ್ಣದ ಭಟ್ಟಿಗಳಿಗೆ ಕಳಿಸುತ್ತಿದ್ದರು. ಜರಡಿ ಹಿಡಿಯುವವರು ಹೆಂಗಸರು. ಯಾರ್ಡಿನ ಹಿಂಬದಿಯಲ್ಲೇ ಅವರ ಓಣಿ, ನಲವತ್ತು ಮನೆ ಇದ್ದೀತು. ಮಡ್ಡಿಯ ಮೇಲಿನ ಗಾಳಿ ಗೊತ್ತಲ್ಲ, ತಡೆಯುವುದಕ್ಕೆ ಒಂದು ಗಿಡವಿಲ್ಲ. ಒಣಹಾಕಿದ ಬಟ್ಟೆ, ಕಲಸಿಟ್ಟ ಹಿಟ್ಟು, ಕುಡಿಯುವ ನೀರಿನ ಕೊಡ, ಎಲ್ಲದರ ಮೇಲೂ ಕರಿ ಪುಡಿ ಕೂರುತ್ತಿತ್ತು. ನನ್ನ ಮೇಜಿನ ಮೇಲಿನ ಹತ್ತಿ ಮಧ್ಯಾಹ್ನದ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಸಾಲದ್ದಕ್ಕೆ, ಉದುರಿದ ಪುಡಿಯನ್ನು ಹೆಂಗಸರು ಪುಟ್ಟಿಯಲ್ಲಿ ಮನೆಗೆ ಒಯ್ದು, ಸಗಣಿ ಕೆಮ್ಮಣ್ಣು ಕಲಸಿ ಉಂಡೆ ಕಟ್ಟಿ, ಅದನ್ನೇ ಒಲೆಗೆ ಹಾಕುತ್ತಿದ್ದರು. ಕಟ್ಟಿಗೆ ಇಲ್ಲದ ಊರಿನಲ್ಲಿ ಅದೇ ದೊಡ್ಡ ಅನುಕೂಲ ಎಂದು ಎಲ್ಲರೂ ಅಂದುಕೊಂಡೆವು, ನಾನೂ ಅಂದುಕೊಂಡೆ.

ಯಾರ್ಡ್ ಬಂದ ಮೊದಲ ವರ್ಷ ಆ ಓಣಿಯ ದೇವಮ್ಮ ಎಂಬ ಬಸುರಿ ರಕ್ತ ತೋರಿಸಲು ಬಂದಳು. ಆಗ ನಾವು ರಕ್ತದ ಬಲ ನೋಡುತ್ತಿದ್ದ ರೀತಿಯನ್ನು ಹೇಳಬೇಕು. ಗುರುತು ಕೊರೆದ ಸಣ್ಣ ನಳಿಗೆಯಲ್ಲಿ ಒಂದಿಷ್ಟು ಆಮ್ಲ ಹಾಕಿ, ಅದರೊಳಗೆ ರಕ್ತ ಬಿಟ್ಟು, ಹತ್ತು ನಿಮಿಷ ಕಾಯಬೇಕು. ಅದು ಚಹಾದ ಡಿಕಾಕ್ಷನ್ನಿನಂತೆ ಕಂದಾಗುತ್ತದೆ. ಆಮೇಲೆ ಹನಿ ಹನಿಯಾಗಿ ನೀರು ಹಾಕುತ್ತ, ಗಾಜಿನ ಕಡ್ಡಿಯಿಂದ ಕಲಕುತ್ತ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ತಿಳಿ ಮಾಡಬೇಕು. ನೀರು ಯಾವ ಗುರುತಿಗೆ ನಿಂತಿತೋ ಅದೇ ರಕ್ತದ ಅಂಕಿ. ಬಣ್ಣ ದಟ್ಟವಿದ್ದಷ್ಟೂ ನೀರು ಹೆಚ್ಚು ಹಿಡಿಯುತ್ತದೆ, ಅಂಕಿ ಮೇಲೇರುತ್ತದೆ. ಎಲ್ಲವೂ ಕಣ್ಣಿನ ಅಳತೆ. ದೇವಮ್ಮನ ಅಂಕಿ ಹದಿಮೂರು ಬಂತು. ನಮ್ಮ ಕಡೆ ಬಸುರಿಯರಲ್ಲಿ ಒಂಬತ್ತು ಕಂಡರೆ ಸಮಾಧಾನ, ಹತ್ತು ಕಂಡರೆ ಸಂತೋಷ. ಹದಿಮೂರು ಕಂಡು ನಾನು ಅವಳ ಬೆನ್ನು ತಟ್ಟಿ ಕಳಿಸಿದೆ.

ಹೆರಿಗೆಯ ದಿನ ಅವಳ ಮೈ ಸುಣ್ಣದಂತೆ ಬಿಳುಚಿಕೊಂಡಿತ್ತು. ಲಿಂಗಸುಗೂರಿಗೆ ಒಯ್ದು ಅವಳನ್ನು ಉಳಿಸಿದರು. ಕೂಸು ಉಳಿಯಲಿಲ್ಲ. ಅಲ್ಲಿ ತೋಳಿನಿಂದ ತೆಗೆದ ರಕ್ತದಲ್ಲಿ ಅಂಕಿ ಹದಿಮೂರರ ಹತ್ತಿರಕ್ಕೂ ಇರಲಿಲ್ಲ, ರಕ್ತ ಹೋದದ್ದನ್ನು ಲೆಕ್ಕ ಹಿಡಿದರೂ ಹೊಂದಲಿಲ್ಲ. ಹನುಮಂತರಾಯ ಸರ್ ಆಗ ನಮ್ಮ ಮೇಲ್ವಿಚಾರಕರು, ತಿಂಗಳಿಗೊಮ್ಮೆ ಬರುತ್ತಿದ್ದರು. ಬಂದು ನನ್ನ ನಳಿಗೆ, ಆಮ್ಲ, ಸೂಜಿ ಎಲ್ಲ ನೋಡಿ, ಕೊನೆಗೆ ಜರಡಿಯ ಹೆಂಗಸೊಬ್ಬಳ ಬೆರಳನ್ನು ಒದ್ದೆ ಹತ್ತಿಯಿಂದ ಉಜ್ಜಿ ನನ್ನ ಕಣ್ಣ ಮುಂದೆ ಹಿಡಿದರು. ಹತ್ತಿ ಕರ್ರಗಾಗಿತ್ತು. ಬೆರಳಿನ ಮಸಿ ರಕ್ತದ ಜೊತೆ ನಳಿಗೆಗೆ ಇಳಿದು ಬಣ್ಣ ದಟ್ಟ ಮಾಡಿತ್ತು. ನಾನು ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿ ಬಿಟ್ಟಿದ್ದೆ. "ಆ ಓಣಿಯವರ ಬೆರಳಾಗ ಮಸಿ ಇರತೈತಿ. ಬಂದದ್ದರಾಗ ಮೂರು ಕಳದು ಬರಿ. ಇನ್ನೊಂದ ಕೂಸು ಹೋಗೂದು ಬ್ಯಾಡ" ಎಂದರು. ಕಣ್ಣಿಗೆ ಕಂಡದ್ದನ್ನೇ ಬರಿ ಎಂದವರ ಬಾಯಲ್ಲಿ ಈ ಮಾತು ಬಂದಾಗ ನನಗೆ ಏನೂ ಅನ್ನಿಸಲಿಲ್ಲ. ಸತ್ತ ಕೂಸೇ ಕಣ್ಣ ಮುಂದೆ ಇತ್ತು.

ಅಂದಿನಿಂದ ಆ ಓಣಿಯವರು ಬಂದರೆ ಮೂರು ಕಳೆಯುವುದು ನಮ್ಮ ಪದ್ಧತಿಯಾಯಿತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ರಜೆಯ ಮೇಲೆ ಹೋದಾಗ ನನ್ನ ಬದಲು ಬಂದವರಿಗೂ ಹೇಳಿ ಹೋಗುತ್ತಿದ್ದೆ.

ನಾನು ಕೈಕಟ್ಟಿ ಕೂತವಳಲ್ಲ. ಬಾಗಿಲ ಬಳಿ ಬಕೆಟ್ ಇಟ್ಟೆ, ಸೋಪು ಇಟ್ಟೆ, ಉಗುರಿನ ಬ್ರಷ್ ಇಟ್ಟೆ. ಆ ಓಣಿಯವರು ಯಾರೇ ಬರಲಿ, ಕೈ ಎರಡು ಸಲ ತೊಳೆಸಿ, ಹತ್ತಿ ಬೆಳ್ಳಗೆ ಉಳಿಯುವ ತನಕ ಉಜ್ಜಿಸಿ, ಆಮೇಲೆ ಚುಚ್ಚುತ್ತಿದ್ದೆ. ಅಂಕಿ ಆದರೂ ಇಳಿಯಲಿಲ್ಲ. ಮೊದಲೆರಡು ವರ್ಷ ಹದಿಮೂರು, ಹದಿನಾಲ್ಕು ಇದ್ದದ್ದು ಬರಬರುತ್ತ ಹದಿನೈದು, ಹದಿನಾರಾಯಿತು. ಬುದ್ಧಿ ಇದ್ದವರು ಅಲ್ಲಿ ನಿಂತು ಯೋಚಿಸಬೇಕಿತ್ತು. ಬೆರಳು ಬೆಳ್ಳಗಿದೆ, ಮಸಿ ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ನಾನು ಚರ್ಮದ ಬಿರುಕಿನೊಳಗೆ ಇಳಿದಿರಬೇಕು ಅಂದುಕೊಂಡೆ. ತೊಳೆದ ಮೇಲೂ ಕಳೆದೆ. ಹನುಮಂತರಾಯ ಸರ್ ಮೂರು ಕಳೆ ಎಂದದ್ದು ಮಸಿಯ ಬೆರಳಿಗೆ. ತೊಳೆದ ಬೆರಳಿಗೆ ಕಳೆದದ್ದು ನಾನು. ಅವರು ಈಗಿಲ್ಲ, ಅವರ ಮೇಲೆ ಹಾಕಿ ಜಾರಿಕೊಳ್ಳುವುದು ಸುಲಭ. ಆದರೆ ತಪ್ಪು ನನ್ನದು.

ಕಳೆದದ್ದರಿಂದ ಇನ್ನೊಂದು ಅನ್ಯಾಯವೂ ನಡೆಯಿತು. ಹದಿನಾಲ್ಕು ಇದ್ದವಳು ಹನ್ನೊಂದಾಗುತ್ತಿದ್ದಳು, ಪುಸ್ತಕದ ಲೆಕ್ಕದಲ್ಲಿ ಹನ್ನೊಂದು ಎಂದರೆ ರಕ್ತ ಕಡಿಮೆ. ಅವಳಿಗೆ ಕಬ್ಬಿಣದ ಮಾತ್ರೆ ಕೊಟ್ಟು, ತಪ್ಪದೆ ನುಂಗಬೇಕೆಂದು ಗದರಿಸಿ ಕಳಿಸುತ್ತಿದ್ದೆ. ನಮ್ಮ ರಿಜಿಸ್ಟರಿನಲ್ಲಿ ರಕ್ತ ಕಡಿಮೆ ಇದ್ದವರಿಗೆ ಕೆಂಪು ಶಾಯಿಯ ಅಂಕಣವಿತ್ತು. ಹೆಚ್ಚಿದ್ದವರಿಗೆ ಅಂಕಣವೇ ಇರಲಿಲ್ಲ. ರಕ್ತ ಹೆಚ್ಚಾಗುವುದೂ ಒಂದು ಕಾಯಿಲೆಯ ಗುರುತು ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಖಾಸಿಂಬಿಯ ಪರಿಚಯವಾದದ್ದು ಆ ಬಕೆಟ್ಟಿನ ಹತ್ತಿರ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು, ಯಾರ್ಡಿನ ಮೊದಲ ದಿನದಿಂದ ಜರಡಿ ಹಿಡಿದವಳು. ಗಂಡ ತೀರಿಕೊಂಡಿದ್ದ, ರಿಜ್ವಾನಾ ಎಂಬ ಒಬ್ಬಳೇ ಮಗಳು. ಕೈ ತೊಳೆಸಿದರೆ ಬೇರೆ ಹೆಂಗಸರು ಗೊಣಗುತ್ತಿದ್ದರು, ಖಾಸಿಂಬಿ ಮಾತ್ರ ಮದುವಣಗಿತ್ತಿಗೂ ಇಷ್ಟು ತಿಕ್ಕುವುದಿಲ್ಲ ಎಂದು ನಗುತ್ತ ಉಜ್ಜಿಕೊಳ್ಳುತ್ತಿದ್ದಳು. ತಲೆನೋವು, ತಲೆ ಸುತ್ತು ಎಂದು ಬರುತ್ತಿದ್ದಳು, ನಾಲ್ಕು ಹೆಜ್ಜೆ ಬೇಗ ನಡೆದರೆ ಏದುಸಿರು. ಕಣ್ಣು ಕೆಂಪು, ಮುಖದಲ್ಲಿ ಒಂಥರ ಗಾಢ ಬಣ್ಣ. ಖಾಸಿಂಬಿ ಮೈ ತುಂಬಿಕೊಂಡಿದ್ದಾಳೆ, ಏನು ತಿನ್ನುತ್ತಾಳೋ ಎಂದು ಓಣಿಯವರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಅವಳಿಗೆ ಒಂದು ಚಟವಿತ್ತು, ಎಣಿಸುವುದು. ದಿನವಿಡೀ ಜರಡಿಗೆ ಎಷ್ಟು ಪುಟ್ಟಿ ಸುರುವಿದೆ ಎಂದು ಎಣಿಸಿ ಎಣಿಸಿ ಬಂದ ಅಭ್ಯಾಸ. ನನ್ನ ಮುಂದೆ ಕುಳಿತು ನಾನು ನಳಿಗೆಗೆ ಹಾಕುವ ನೀರಿನ ಹನಿಗಳನ್ನೂ ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು. ಒಂದು ದಿನ ಎಷ್ಟು ಹಾಕಿದರೂ ಅವಳ ರಕ್ತದ ಬಣ್ಣ ಗಾಜಿನ ಬಣ್ಣಕ್ಕೆ ಇಳಿಯಲೊಲ್ಲದು. ಹಾಕಿದೆ, ಕಲಕಿದೆ, ಕಿಟಕಿಯ ಬೆಳಕಿಗೆ ಹಿಡಿದೆ, ಮತ್ತೆ ಹಾಕಿದೆ. ಕೊನೆಗೆ ನಿಂತಾಗ ಖಾಸಿಂಬಿ ತಲೆ ಎತ್ತಿ, "ನಲವತ್ತೆರಡು ಹನಿ ಆದುವ್ರೀ ಅಕ್ಕಾರ. ಈಗ ನಮ್ಮ ಓಣಿ ಸೊಸಿ ತಾರವ್ವಗ ಇಪ್ಪತ್ತಾರಕ್ಕ ನಿಂತ್ರಿ. ಹಾಲ ಮಾರಾಕಿ ಸೈತ ಇಷ್ಟ ನೀರ ಹಾಕಂಗಿಲ್ಲ" ಎಂದಳು. ನಾನು ನಕ್ಕೆ. ನಳಿಗೆ ಹದಿನಾರೂವರೆ ತೋರಿಸುತ್ತಿತ್ತು. ಹದಿಮೂರೂವರೆ ಎಂದು ಬರೆದು, ನಿನಗೇನವ್ವ, ರಕ್ತ ಭರ್ತಿ ಐತಿ ಎಂದು ಹೇಳಿ, ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದೆ.

ತಾರವ್ವ ಆ ಓಣಿಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ಮಸಿಯೇ ಕಾರಣವಾಗಿದ್ದರೆ ಅವಳ ಅಂಕಿಯೂ ಏರಬೇಕಿತ್ತು, ಅವಳೂ ಅದೇ ಮಸಿಯ ಓಣಿಯವಳು. ಆ ವ್ಯತ್ಯಾಸವನ್ನು ಓದು ಬಾರದ ಹೆಂಗಸು ಎಣಿಸಿ ನನ್ನ ಕೈಗೆ ಕೊಟ್ಟಳು. ಡಿಪ್ಲೊಮಾ ಓದಿದ ನಾನು ನಕ್ಕು ಬಿಟ್ಟೆ.

ಮುಂದೆ ಎರಡು ವರ್ಷಕ್ಕೆ ಯಂತ್ರ ಬಂತು. ತೋಳಿನ ನರದಿಂದ ರಕ್ತ ತೆಗೆದು ಇಟ್ಟರೆ ಅದೇ ಕುಡಿದು, ಅದೇ ಎಣಿಸಿ, ಕಾಗದದ ಮೇಲೆ ಅಂಕಿ ಕೊಡುತ್ತದೆ. ಬೆರಳಿಗೂ ಮಸಿಗೂ ಸಂಬಂಧವಿಲ್ಲ. ಅದರ ಮೊದಲ ವಾರವೇ ಖಾಸಿಂಬಿ ಬಂದಳು. ರಕ್ತ ಸಿರಿಂಜಿಗೆ ಏರುವುದೇ ನಿಧಾನವಾಗಿತ್ತು, ಬಣ್ಣ ಕಪ್ಪಿಗೆ ತಿರುಗಿತ್ತು. ಯಂತ್ರ ಹದಿನೆಂಟು ಚಿಲ್ಲರೆ ಎಂದು ಕಾಗದ ಉಗುಳಿತು. ಯಂತ್ರ ಕೆಟ್ಟಿದೆ ಎಂದು ನಾನು ನನ್ನ ತೋಳಿನಿಂದಲೇ ರಕ್ತ ತೆಗೆದು ಇಟ್ಟೆ. ನನ್ನದು ಹನ್ನೊಂದೂವರೆ, ಯಾವಾಗಲೂ ಇದ್ದಷ್ಟೇ. ಖಾಸಿಂಬಿಯದನ್ನು ಮತ್ತೆ ಇಟ್ಟೆ. ಮತ್ತೆ ಹದಿನೆಂಟು ಚಿಲ್ಲರೆ.

ಕಾಗದ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಯಾಕ್ರೀ ಅಕ್ಕಾರ, ನಿಮಗ ಆರಾಮಿಲ್ಲೇನು ಎಂದು ಅವಳೇ ನನ್ನನ್ನು ಕೇಳಿದಳು. ಬೆರಳು ತೊಳೆಸತೊಡಗಿದಂದಿನಿಂದ ನಳಿಗೆಗಳೆಲ್ಲ ನಿಜವನ್ನೇ ಹೇಳಿದ್ದವು. ನಾನು ಪ್ರತಿ ಸಲವೂ ಅವುಗಳ ಬಾಯಿ ಮುಚ್ಚಿಸಿದ್ದೆ.

ಆಗ ನಮ್ಮಲ್ಲಿ ತುಮಕೂರು ಕಡೆಯಿಂದ ಬಂದ ಒಬ್ಬ ಎಳೆಯ ಡಾಕ್ಟರಮ್ಮ ಇದ್ದರು. ಚುರುಕಾದ ಹೆಣ್ಣು. ಯಂತ್ರದ ಕಾಗದಗಳನ್ನು ಅವರ ಮುಂದೆ ಇಟ್ಟೆ. ಅವರು ಓಣಿಯ ದೊಡ್ಡವರನ್ನೆಲ್ಲ ಕರೆಸಿ ರಕ್ತ ನೋಡಿಸಿದರು. ಜರಡಿಯಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸರಲ್ಲಿ ಹಲವರದು ಖಾಸಿಂಬಿಯದರ ಹಾಗೆಯೇ ಏರಿತ್ತು. ಅವರು ನನಗೆ ತಿಳಿಸಿ ಹೇಳಿದ್ದು ಇಷ್ಟು. ಎದೆಗೂಡಿನಲ್ಲಿ ಪುಡಿ ಕೂತು ಉಸಿರು ಸಾಲದೆ ಹೋದಾಗ, ಸಿಕ್ಕ ಅಷ್ಟಿಷ್ಟು ಗಾಳಿಯನ್ನೇ ಹೊತ್ತೊಯ್ಯಲು ದೇಹ ಕೆಂಪು ಕಣಗಳನ್ನು ಹೆಚ್ಚು ಹೆಚ್ಚು ಮಾಡುತ್ತದೆ. ಉಂಡೆ ಉರಿಸುವ ಒಲೆಯ ಹೊಗೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ರಕ್ತ ಗಂಜಿಯಂತೆ ಮಂದವಾಗಿ, ಒಂದು ದಿನ ತಲೆಯಲ್ಲೋ ಎದೆಯಲ್ಲೋ ಕಟ್ಟಿ ನಿಲ್ಲುತ್ತದೆ. ಒಳ್ಳೆಯ ರಕ್ತ ಎಂದು ನಾವು ಬೆನ್ನು ತಟ್ಟಿದ್ದು ಉಸಿರುಕಟ್ಟಿದ ದೇಹದ ಒದ್ದಾಟವನ್ನು.

ಡಾಕ್ಟರಮ್ಮ ಓಣಿಯವರಿಂದ ಅರ್ಜಿ ಬರೆಸಿದರು. ಯಾರ್ಡ್ ಬೇರೆ ಕಡೆ ಹೋಗಬೇಕು, ದುಡಿದವರಿಗೆ ಚಿಕಿತ್ಸೆ ಕೊಡಿಸಬೇಕು. ಅರ್ಜಿಯ ಮೇಲೆ ಮೊದಲ ಹೆಬ್ಬೆಟ್ಟು ಖಾಸಿಂಬಿಯದು. ಯಂತ್ರದ ಕಾಗದ ಈಗಿನದ್ದು, ಯಾರ್ಡ್ ಬಂದಾಗಿನಿಂದ ವರ್ಷ ವರ್ಷ ರಕ್ತ ಹೇಗೆ ಏರುತ್ತ ಬಂತು ಎಂದು ತೋರಿಸಲು ಹಳೆಯ ರಿಜಿಸ್ಟರ್ ಒಂದಿದ್ದರೆ ಸಾಕು, ಯಾರೂ ಅಲ್ಲಗಳೆಯಲಾರರು ಎಂದು ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರು ಬರೆದಿಟ್ಟಿದ್ದಾರೆ ನೀಲಮ್ಮನೋರೆ ಎಂದರು. ಅವತ್ತೇ ಹೇಳಿಬಿಡಬೇಕಿತ್ತು. ಹೇಳದೆ ಬೀರುವಿನ ಬೀಗದ ಕೈ ಕೊಟ್ಟೆ. ಅವರೇ ಬೀರುವಿನಿಂದ ರಿಜಿಸ್ಟರ್ ತೆಗೆದು ಪುಟ ತಿರುವಿದರು. ಹತ್ತು, ಹನ್ನೊಂದು, ಬರಬರುತ್ತ ಹನ್ನೆರಡು, ಹದಿಮೂರು, ಎಲ್ಲವೂ ದುಂಡಗೆ, ಕಡಿಮೆ ಇದ್ದ ರಕ್ತ ಕಬ್ಬಿಣದ ಮಾತ್ರೆಯಿಂದ ಸರಿಹೋದಂತೆ ಕಾಣುತ್ತಿತ್ತು. ಹೆಚ್ಚು ಯಾವತ್ತೂ ಇರಲೇ ಇಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಮುಚ್ಚಿಟ್ಟರು. ಮೂರು ಕಳೆದ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಲ್ಲಿ ಆಗ ಅಲ್ಲಿದ್ದವಳು ನಾನೊಬ್ಬಳೇ.

ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಯೊಬ್ಬರ ಮುಂದೆ ವಿಚಾರಣೆ ನಡೆಯಿತು. ಯಾರ್ಡಿನ ಪರವಾಗಿ ಬಂದ ವಕೀಲರು ರಿಜಿಸ್ಟರನ್ನು ತಾವೇ ಕೇಳಿ ತರಿಸಿದರು. ಹನ್ನೊಂದು ವರ್ಷ ಧೂಳಿದ್ದಾಗ ನೆಟ್ಟಗಿದ್ದ ರಕ್ತ ಯಂತ್ರ ಬಂದ ವಾರವೇ ಕೆಟ್ಟಿತೇ, ಕೆಟ್ಟದ್ದು ರಕ್ತವೋ ಯಂತ್ರವೋ ಎಂದು ಕೇಳಿದರು. ಅಧಿಕಾರಿ ಒರಟರಲ್ಲ, ನನ್ನನ್ನು ಕೂರಲು ಹೇಳಿ, ಈ ಅಕ್ಷರ ನಿಮ್ಮದೇ ಏನ್ರಿ ಎಂದರು. ನನ್ನದೇ ಎಂದೆ. "ನಳಿಗ್ಯಾಗ ಬಂದ ಅಂಕಿನ ಇದ್ದಂಗ ಬರದೀರಿ?" ಎಂದು ಕೇಳಿದರು. ಸುಳ್ಳು ದಾಖಲೆ ಬರೆದವರಿಗೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿವೃತ್ತಿಗೆ ನಾಲ್ಕು ವರ್ಷವೂ ಉಳಿದಿರಲಿಲ್ಲ. ಹೌದು ಎಂದೆ.

ಬಾಗಿಲ ಹತ್ತಿರ ಓಣಿಯ ಹೆಂಗಸರ ಜೊತೆ ನೆಲದ ಮೇಲೆ ಕುಳಿತಿದ್ದ ಖಾಸಿಂಬಿ ಗೋಡೆ ಹಿಡಿದುಕೊಂಡು ಎದ್ದಳು. ನಾನು ಮರೆತಿದ್ದೇನೆ, ನೆನಪು ಮಾಡಿದರೆ ಹೇಳುತ್ತೇನೆ ಎಂದು ಅವಳು ನಿಜವಾಗಿಯೂ ನಂಬಿದ್ದಳು. "ಅಕ್ಕಾರ, ಅವತ್ತ ನನಗ ನಲವತ್ತೆರಡು ಹನಿ ಹಾಕಿದ್ರಿ, ತಾರವ್ವಗ ಇಪ್ಪತ್ತಾರು. ನಾ ಎಣಿಸೀನಿ. ಸಾಹೇಬ್ರಿಗೆ ಅದನ್ನ ಹೇಳ್ರಿ" ಎಂದಳು. ಯಾರೋ ನಕ್ಕರು. ಅಧಿಕಾರಿ ನನ್ನ ಮುಖ ನೋಡಿ ಅದೇನು ಹನಿ ಎಂದರು. "ನೀರ ಹಾಕೂದು ನಮ್ಮ ಪದ್ಧತಿ ಐತ್ರಿ ಸರ್. ಎಲ್ಲಾರಿಗೂ ಹಾಕತೀವಿ" ಎಂದೆ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಆಡಿದ ಅತಿ ನೀಚ ಮಾತು ಅದು.

ಯಾರ್ಡಿನವರು ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು, ಗುಡ್ಡೆಗೆ ತಾಡಪತ್ರಿ ಮುಚ್ಚಬೇಕು ಎಂದು ಆದೇಶವಾಯಿತು. ರಕ್ತದ ವಿಷಯಕ್ಕೆ ಹಳೆಯ ದಾಖಲೆಗಳ ಆಧಾರವಿಲ್ಲ ಎಂದು ಬರೆದರು. ಡಾಕ್ಟರಮ್ಮ ಮುಂದೆ ಓದಲು ಸೀಟು ಸಿಕ್ಕಿ ಕೆಲವೇ ತಿಂಗಳಲ್ಲಿ ಹೊರಟುಹೋದರು. ಹೋಗುವಾಗಲೂ ನನ್ನ ಕೆಲಸವನ್ನು ಹೊಗಳಿಯೇ ಹೋದರು.

ವಿಚಾರಣೆ ಮುಗಿದು ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಮಸ್ಕಿ ಬಸ್ಸು ಹತ್ತಿದರೆ ಖಾಸಿಂಬಿ ಆಗಲೇ ಕುಳಿತಿದ್ದಳು. ಬೇರೆ ಸೀಟು ಖಾಲಿ ಇರಲಿಲ್ಲ. ಅವಳು ಸರಿದು ಜಾಗ ಕೊಟ್ಟಳು. ಕಿಟಕಿಯ ಹೊರಗೆ ನೋಡುತ್ತ, ನನ್ನ ಕಡೆ ತಿರುಗದೆಯೇ, "ನಿಮ್ಮ ನೌಕರಿ ಐತಲ್ರೀ ಅಕ್ಕಾರ. ನನಗ ತಿಳೀತೈತಿ" ಎಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಜರಡಿಯ ಮುಂದೆಯೇ ಅವಳಿಗೆ ಲಕ್ವಾ ಹೊಡೆಯಿತು. ಹೆಂಗಸರು ಎತ್ತಿಕೊಂಡು ರಸ್ತೆ ದಾಟಿ ನಮ್ಮಲ್ಲಿಗೆ ತಂದರು. ಬಲಗಡೆ ಪೂರಾ ಬಿದ್ದುಹೋಗಿತ್ತು, ಮಾತು ನಿಂತಿತ್ತು. ರಕ್ತ ತೆಗೆಯಲು ನಾನೇ ಹೋದೆ. ಎಡಗೈಯನ್ನು ತಾನಾಗಿಯೇ ಬಕೆಟ್ಟಿನ ಕಡೆ ಚಾಚಿದಳು, ಮೊದಲು ತೊಳೆಯಬೇಕೆಂದು. ಯಂತ್ರ ಬಂದ ಮೇಲೆ ತೊಳೆಯುವ ಅಗತ್ಯವಿರಲಿಲ್ಲ. ನಾನು ತೊಳೆದೆ. ರಾಯಚೂರಿಗೆ ಕಳಿಸಿದ ಗಾಡಿ ಅರ್ಧ ದಾರಿಯಿಂದ ಹಿಂದಕ್ಕೆ ಬಂತು.

ಆಮೇಲೆ ಮೂರು ವರ್ಷ ಕೆಲಸ ಮಾಡಿದೆ. ಇದ್ದದ್ದನ್ನು ಇದ್ದ ಹಾಗೇ ಬರೆದೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ನಿವೃತ್ತಿಯಾಗಿ, ಪಿಂಚಣಿ ಮಂಜೂರಾದ ಮರುತಿಂಗಳು, ನಡೆದದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಬರೆದು ಲಿಂಗಸುಗೂರಿನ ಆ ಕಚೇರಿಗೆ ಒಯ್ದೆ. ಪಿಂಚಣಿ ಮಂಜೂರಾದ ಮೇಲೆ, ಮೊದಲಲ್ಲ. ಇದನ್ನೂ ಮುಚ್ಚಿಡುವುದಿಲ್ಲ. ಅಲ್ಲಿನ ಗುಮಾಸ್ತರು ಓದಿ, ಆ ಕೇಸು ಯಾವತ್ತೋ ಮುಗಿದಿದೆ ಎಂದರು. ನಾನು ಹಟ ಹಿಡಿದದ್ದಕ್ಕೆ ಸ್ವೀಕರಿಸಲಾಗಿದೆ ಎಂದು ಮೊಹರು ಒತ್ತಿ ಪ್ರತಿ ಕೊಟ್ಟರು. ಆ ಹಳೆಯ ಅಧಿಕಾರಿ ಯಾವ ಜಿಲ್ಲೆಯಲ್ಲಿದ್ದಾರೋ ಅವರಿಗೂ ಗೊತ್ತಿರಲಿಲ್ಲ.

ಆ ಪ್ರತಿ ಹಿಡಿದುಕೊಂಡು ರಿಜ್ವಾನಾಳ ಮನೆಗೆ ಹೋದೆ. ಅವಳಿಗೀಗ ಮೂವತ್ತರ ಮೇಲೆ. ಜರಡಿ ಬಿಟ್ಟು ಹೊಲಿಗೆ ಹಿಡಿದಿದ್ದಾಳೆ, ಆದರೆ ಮನೆ ಅದೇ ಓಣಿಯಲ್ಲಿ, ಹೊಲಿಯುವ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಡುತ್ತಾಳೆ. ಎಲ್ಲ ಹೇಳಿದೆ. ಮೂರು ಕಳೆದದ್ದು, ವಿಚಾರಣೆಯಲ್ಲಿ ಬಾಯಿ ಮುಚ್ಚಿದ್ದು, ನೀರಿನ ಮಾತು. ಅವಳು ಹೊಲಿಗೆ ನಿಲ್ಲಿಸಿ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ, ಒಂದು ಲೋಟ ನೀರು ಸಹ ಕೊಡಲಿಲ್ಲ. ಕೊಡದಿದ್ದದ್ದೇ ಸರಿ. ಕೊನೆಗೆ, "ಅಮ್ಮಂದು ಖರೇ ಎಷ್ಟಿತ್ತು?" ಎಂದಳು.

ಯಂತ್ರದ ಒಂದೆರಡು ಕಾಗದ ಬಿಟ್ಟರೆ ಅವಳ ತಾಯಿಯ ನಿಜವಾದ ಅಂಕಿ ಎಲ್ಲೂ ಬರೆದಿರಲಿಲ್ಲ. "ಅಮ್ಮ ಸಾಯೂತನಕ ಹೇಳತಿದ್ಲು, ನಲವತ್ತೆರಡು ಹನಿ ಅಂತ" ಎಂದಳು ರಿಜ್ವಾನಾ. ಆಗ ನನಗೆ ದಾರಿ ಸಿಕ್ಕಿತು. ನನ್ನ ಹಳೆಯ ನಳಿಗೆ, ಹನಿ ಬಿಡುವ ಕೊಳವೆ ಕೈಗೆ ರೂಢಿಯಾದದ್ದು. ಇಪ್ಪತ್ತಾರು ಹನಿಗೆ ಹನ್ನೊಂದು, ನಲವತ್ತೆರಡಕ್ಕೆ ಹದಿನಾರೂವರೆ. ಅದು ಹದಿನಾರೂವರೆಯೇ ಎಂದು ಹೇಳಿದೆ. ಬರೆದು ಕೊಡ್ರಿ ಎಂದಳು. ಮೊಹರಿನ ಹಾಳೆಯ ಹಿಂಬದಿಯಲ್ಲಿ ಬರೆದೆ: ಖಾಸಿಂಬಿ, ನಲವತ್ತೆರಡು ಹನಿ, ಹದಿನಾರೂವರೆ. ಕೆಳಗೆ ಸಹಿ ಹಾಕಿದೆ. ಆ ಹನ್ನೊಂದು ವರ್ಷದಲ್ಲಿ ಆ ಓಣಿಯ ಬಗ್ಗೆ ನಾನು ಬರೆಯಬೇಕಿದ್ದ ನಿಜವಾದ ಅಂಕಿಗಳಲ್ಲಿ ಬರೆದದ್ದು ಅದೊಂದೇ. ಅದನ್ನೂ ಉಳಿಸಿಟ್ಟವಳು ಖಾಸಿಂಬಿ.

ರಿಜ್ವಾನಾ ಹಾಳೆ ಮಡಚಿ, ತನಗೂ ಈಚೆಗೆ ತಲೆ ಸುತ್ತುತ್ತಿದೆ, ತನ್ನ ರಕ್ತವನ್ನೂ ನೋಡಿಸಬೇಕು ಎಂದಳು. ಮರುದಿನ ಇಬ್ಬರೂ ಲಿಂಗಸುಗೂರಿಗೆ ಹೋದೆವು. ಅಲ್ಲಿ ಒಂದು ಖಾಸಗಿ ಲ್ಯಾಬಿನಲ್ಲಿ ಈಗ ಕೆಲಸ ಮಾಡುವ ತರುಣಿ ಯಂತ್ರ ಬರುವ ಮುಂಚೆ ನನ್ನ ಕೈಕೆಳಗೆ ಕಲಿತವಳು, ಒಳ್ಳೆಯ ಹುಡುಗಿ. ರಕ್ತ ತೆಗೆದು ಯಂತ್ರಕ್ಕೆ ಇಟ್ಟಳು. ಕಾಗದ ಹೊರಬಂದಾಗ ಅವಳ ಮುಖ ಅರಳಿತು. "ಭಾರಿ ಛಲೋ ರಕ್ತ ಐತ್ರೀ ಅಕ್ಕಂದು. ರಕ್ತದಾನ ಮಾಡಬೌದು" ಎಂದಳು. ನನ್ನ ಕಡೆ ನೋಡಿ, ಮೆಚ್ಚುಗೆಗೆ ಕಾದಳು. ಅವಳಿಗೆ ಅದನ್ನು ಕಲಿಸಿದವಳು ನಾನೇ. ಕಡಿಮೆಯನ್ನು ಹುಡುಕುವುದು ಕಲಿಸಿದ್ದೆ, ಹೆಚ್ಚನ್ನು ಕಂಡು ಹೆದರುವುದು ಕಲಿಸಿರಲಿಲ್ಲ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಅಂಕಿ ಒಗ್ಗಲಿಲ್ಲವೆಂದರೆ ಅಂಕಿಯನ್ನು ತಿದ್ದಬೇಡಿ, ಆ ಮನುಷ್ಯರ ಮನೆಯ ತನಕ ನಡೆದು ನೋಡಿ ಬನ್ನಿ. ನಮ್ಮಲ್ಲಿ ಆ ಮನೆ ರಸ್ತೆಯ ಆಚೆಗೇ ಇತ್ತು.

ಅಂಕಿ ಓದಿ ಹೇಳು ಎಂದೆ. ಹದಿನಾರು ಪಾಯಿಂಟ್ ಒಂಬತ್ತು ಎಂದು ಓದಿದಳು. ರಿಜ್ವಾನಾ ಚೀಲದಿಂದ ಆ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿ, ಪೆನ್ನು ಕೇಳಿ ಇಸಿದುಕೊಂಡಳು. ಅಭ್ಯಾಸಬಲದಿಂದ ನಾನು ಬರೆಯಲು ಕೈ ಚಾಚಿದೆ. ಅವಳು ನನಗೆ ಪೆನ್ನು ಕೊಡಲಿಲ್ಲ. ತಾಯಿಯ ಹೆಸರಿನ ಕೆಳಗೆ, ತನ್ನ ಸೊಟ್ಟ ಅಕ್ಷರದಲ್ಲಿ, ತಾನೇ ಬರೆದುಕೊಂಡಳು.